ಹಳೆಯ ಎಲೆಕ್ಟ್ರಿಕ್ ಪಿಯಾನೊ, ಹೊಸ ಸರ್ಕ್ಯೂಟ್: ವಾದ್ಯದಲ್ಲಿ ಉಳಿಸಬೇಕಾದುದು ಯಾವುದು, ಬದಲಿಸಬೇಕಾದುದು ಯಾವುದು?

ಬಶೀರಾಬಾದ್: ಮನೆಯಲ್ಲಿಯೋ ಶಾಲೆಯಲ್ಲಿಯೋ ಭಜನಾ ಮಂದಿರದಲ್ಲಿಯೋ ಸಂಗೀತವಾದ್ಯವೊಂದು ಕೆಟ್ಟು ಮೂಲೆ ಸೇರಿದಾಗ ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುತ್ತವೆ. ‘ಹಳೆಯದಾಯಿತು, ಗುಜರಿಗೆ ಹಾಕಿ’ ಎಂಬುದು ಒಂದು. ‘ಹಿರಿಯರ ಕಾಲದ್ದು, ಯಾರೂ ಕೈ ಹಚ್ಚಬೇಡಿ’ ಎಂಬುದು ಇನ್ನೊಂದು. ಮೊದಲನೆಯ ಮಾತು ನಡೆದರೆ ವಾದ್ಯ ಕೈತಪ್ಪುತ್ತದೆ. ಎರಡನೆಯದು ನಡೆದರೆ ವಾದ್ಯ ಇದ್ದೂ ಇಲ್ಲದಂತಾಗುತ್ತದೆ. ಇವೆರಡಕ್ಕೂ ಹೊರತಾದ ಮೂರನೆಯ ದಾರಿಯೊಂದಿದೆ. ನಾದ ಹುಟ್ಟುವ ಭಾಗವನ್ನು ಹಾಗೆಯೇ ಕಾಪಾಡಿಕೊಂಡು, ಮುಪ್ಪಾದ ವಿದ್ಯುತ್ ಭಾಗಗಳನ್ನಷ್ಟೇ ಹೊಸದಾಗಿಸುವುದು ಆ ದಾರಿ.

ಈ ಕೆಲಸ ಜಗತ್ತಿನಲ್ಲಿ ಬಹಳ ವ್ಯವಸ್ಥಿತವಾಗಿ ನಡೆಯುತ್ತಿರುವುದು ಹಳೆಯ ಎಲೆಕ್ಟ್ರಿಕ್ ಪಿಯಾನೊಗಳ ವಿಷಯದಲ್ಲಿ. ಈ ವಾದ್ಯ ನಮ್ಮ ತಾಂಡೂರು, ಬಶೀರಾಬಾದ್, ಜಹೀರಾಬಾದ್, ನಾರಾಯಣಖೇಡ ಭಾಗಗಳಲ್ಲಿ ಅಪರೂಪ. ನಮ್ಮಲ್ಲಿ ಇರುವುದು ಹಾರ್ಮೋನಿಯಂ, ಶ್ರುತಿಪೆಟ್ಟಿಗೆ, ಕೀಬೋರ್ಡ್ ಹಾಗೂ ಧ್ವನಿವರ್ಧಕ. ಆದರೂ ಎಲೆಕ್ಟ್ರಿಕ್ ಪಿಯಾನೊ ಕಲಿಸುವ ಪಾಠ ಈ ನಾಲ್ಕಕ್ಕೂ ಅನ್ವಯಿಸುತ್ತದೆ. ಜೊತೆಗೆ, ನಮ್ಮ ಮಕ್ಕಳು ಪ್ರೌಢಶಾಲೆಯ ಭೌತಶಾಸ್ತ್ರದಲ್ಲಿ ಕನ್ನಡದಲ್ಲಿಯೇ ಓದುವ ಹಲವು ತತ್ತ್ವಗಳು ಈ ಒಂದೇ ಪೆಟ್ಟಿಗೆಯಲ್ಲಿ ಕೆಲಸ ಮಾಡುತ್ತಿರುವುದನ್ನು ಕಾಣಬಹುದು. ಆದಕಾರಣ ಇದನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಎಲೆಕ್ಟ್ರಿಕ್ ಬೇರೆ, ಎಲೆಕ್ಟ್ರಾನಿಕ್ ಬೇರೆ

ಈ ಎರಡು ಹೆಸರುಗಳನ್ನು ಒಂದೇ ಎಂದು ಭಾವಿಸುವುದುಂಟು. ದುರಸ್ತಿಯ ದೃಷ್ಟಿಯಿಂದ ಇವುಗಳ ನಡುವಿನ ವ್ಯತ್ಯಾಸವೇ ಮುಖ್ಯವಾದುದು.

ಇಂದು ಅಂಗಡಿಯಲ್ಲಿ ದೊರೆಯುವ ಕೀಬೋರ್ಡ್ ಎಲೆಕ್ಟ್ರಾನಿಕ್ ವಾದ್ಯ. ಅದರ ಒಳಗೆ ಕಂಪಿಸುವ ತಂತಿಯಾಗಲಿ ಲೋಹದ ಪಟ್ಟಿಯಾಗಲಿ ಇಲ್ಲ. ಕೀಲಿಯನ್ನು ಒತ್ತಿದರೆ ಚಿಪ್ಪೊಂದು ಸ್ವರವನ್ನು ಲೆಕ್ಕಹಾಕಿ ಕೊಡುತ್ತದೆ, ಇಲ್ಲವೇ ಮೊದಲೇ ದಾಖಲಿಸಿಟ್ಟ ಧ್ವನಿಯನ್ನು ನುಡಿಸುತ್ತದೆ. ಚಿಪ್ಪು ಹೋದರೆ ಧ್ವನಿಯೂ ಹೋಯಿತು.

ಎಲೆಕ್ಟ್ರಿಕ್ ಪಿಯಾನೊ ಹಾಗಲ್ಲ. ಅದರಲ್ಲಿ ಕೀಲಿಯನ್ನು ಒತ್ತಿದಾಗ ಪುಟ್ಟ ಸುತ್ತಿಗೆಯೊಂದು ಮೇಲೆದ್ದು ಲೋಹವನ್ನು ನಿಜವಾಗಿಯೂ ಹೊಡೆಯುತ್ತದೆ. ಲೋಹ ಕಂಪಿಸುತ್ತದೆ. ಆ ಕಂಪನವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸಿ, ಹಿಗ್ಗಿಸಿ, ಸ್ಪೀಕರಿಗೆ ಕಳುಹಿಸುವುದಷ್ಟೇ ಸರ್ಕ್ಯೂಟಿನ ಕೆಲಸ. ಇಲ್ಲಿ ಸ್ವರ ಇರುವುದು ಲೋಹದಲ್ಲಿ. ಸರ್ಕ್ಯೂಟು ಆ ಸ್ವರವನ್ನು ಹೊತ್ತೊಯ್ಯುವ ಆಳು. ಆಳು ದಣಿದರೆ ಬೇರೊಬ್ಬನನ್ನು ನೇಮಿಸಬಹುದು. ನಲವತ್ತು, ಐವತ್ತು ವರ್ಷಗಳ ಹಿಂದಿನ ಪಿಯಾನೊಗಳು ಇಂದಿಗೂ ನುಡಿಯುತ್ತಿರುವುದು ಈ ರಚನೆಯ ಬಲದಿಂದ.

ಆಸ್ಪತ್ರೆಯ ಹಾಸಿಗೆಯಿಂದ ವೇದಿಕೆಗೆ

ಎಲೆಕ್ಟ್ರಿಕ್ ಪಿಯಾನೊಗಳಲ್ಲಿ ಎರಡು ಹೆಸರುಗಳು ಪ್ರಸಿದ್ಧ: ರೋಡ್ಸ್ ಮತ್ತು ವುರ್ಲಿಟ್ಜರ್.

ಅಮೆರಿಕದ ಹೆರಾಲ್ಡ್ ರೋಡ್ಸ್ (1910–2000) ಮೂಲತಃ ಪಿಯಾನೊ ಶಿಕ್ಷಕರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಾಯಗೊಂಡು ಆಸ್ಪತ್ರೆಯಲ್ಲಿ ಮಲಗಿದ್ದ ಸೈನಿಕರಿಗೆ ಸಂಗೀತ ಕಲಿಸುವ ಹೊಣೆ ಅವರ ಮೇಲೆ ಬಿತ್ತು. ಹಾಸಿಗೆಯಿಂದ ಏಳಲಾರದವನ ಬಳಿಗೆ ಪಿಯಾನೊ ಒಯ್ಯುವುದು ಹೇಗೆ? ರೋಡ್ಸ್ ಅವರು ವಿಮಾನಗಳ ಅಲ್ಯೂಮಿನಿಯಂ ಕೊಳವೆಗಳನ್ನು ಕತ್ತರಿಸಿ, ತೊಡೆಯ ಮೇಲೆ ಇಟ್ಟುಕೊಂಡು ನುಡಿಸಬಹುದಾದ 29 ಕೀಲಿಗಳ ಪುಟ್ಟ ವಾದ್ಯವನ್ನು ರೂಪಿಸಿದರು. ಆ ಆಲೋಚನೆಯೇ ಮುಂದೆ ಬೆಳೆದು, ವಿದ್ಯುತ್ತಿನ ನೆರವು ಪಡೆದು, ರೋಡ್ಸ್ ಪಿಯಾನೊ ಆಯಿತು. 73 ಕೀಲಿಗಳ ಅದರ ಮಾದರಿಗಳು 1960ರ ದಶಕದ ಉತ್ತರಾರ್ಧದಿಂದ ಜಗತ್ತಿನ ವೇದಿಕೆಗಳನ್ನು ಏರಿದವು.

ವುರ್ಲಿಟ್ಜರ್ ಕಂಪನಿಯ ಎಲೆಕ್ಟ್ರಿಕ್ ಪಿಯಾನೊಗಳು 1950ರ ದಶಕದ ನಡುವಿನಲ್ಲಿ ಮಾರುಕಟ್ಟೆಗೆ ಬಂದವು. ರೇ ಚಾರ್ಲ್ಸ್ 1959ರಲ್ಲಿ ತಮ್ಮ ಪ್ರಸಿದ್ಧ ಹಾಡೊಂದರಲ್ಲಿ ಇದನ್ನು ನುಡಿಸಿದ ಮೇಲೆ ಇದರ ಹೆಸರು ಎಲ್ಲೆಡೆ ಹಬ್ಬಿತು. 64 ಕೀಲಿಗಳ ವುರ್ಲಿಟ್ಜರುಗಳನ್ನು ಅಮೆರಿಕದ ಶಾಲೆಗಳು ಸಾಮೂಹಿಕ ಪಾಠಕ್ಕೆಂದು ಕೊಂಡಿದ್ದವು. ಇಂದು ದುರಸ್ತಿಗೆ ಬರುವ ಹಳೆಯ ವುರ್ಲಿಟ್ಜರುಗಳಲ್ಲಿ ಇಂತಹ ಶಾಲಾ ಪಿಯಾನೊಗಳೂ ಇವೆ.

1983ರಲ್ಲಿ ಯಮಾಹಾ ಕಂಪನಿಯ ಡಿಎಕ್ಸ್7 ಎಂಬ ಎಲೆಕ್ಟ್ರಾನಿಕ್ ಕೀಬೋರ್ಡ್ ಬಂದಿತು. ಅದು ಹಗುರ, ಶ್ರುತಿ ಮಾಡುವ ತೊಂದರೆಯಿಲ್ಲ, ಎಲೆಕ್ಟ್ರಿಕ್ ಪಿಯಾನೊವನ್ನು ಹೋಲುವ ಧ್ವನಿಯೂ ಅದರಲ್ಲಿತ್ತು. ಕೆಲವೇ ವರ್ಷಗಳಲ್ಲಿ ಹಳೆಯ ಪಿಯಾನೊಗಳ ತಯಾರಿಕೆ ನಿಂತಿತು. ಬಹಳಷ್ಟು ವಾದ್ಯಗಳು ಉಗ್ರಾಣ ಸೇರಿದವು, ಕೆಲವು ಕಸಕ್ಕೆ ಹೋದವು. ಆದರೆ ಲೋಹದ ನಾದವನ್ನು ಬಯಸುವವರು ಮತ್ತೆ ಹುಟ್ಟಿಕೊಂಡರು. 2021ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದ ಸಂಸ್ಥೆಯೊಂದು ಹೊಸ ರೋಡ್ಸ್ ಪಿಯಾನೊವನ್ನೇ ಪ್ರಕಟಿಸಿತು. ಕಸವೆಂದು ಎಸೆದುದನ್ನು ಜನ ಮತ್ತೆ ಹುಡುಕಿಕೊಂಡು ಬರತೊಡಗಿದಾಗ ದುರಸ್ತಿಯೇ ಒಂದು ವೃತ್ತಿಯಾಯಿತು.

ನಾದ ಹುಟ್ಟುವ ಬಗೆ

ರೋಡ್ಸ್ ಪಿಯಾನೊದ ಪ್ರತಿ ಕೀಲಿಗೂ ಸಣ್ಣ ಉಕ್ಕಿನ ಕಡ್ಡಿಯೊಂದು ಇರುತ್ತದೆ. ಅದರ ಒಂದು ತುದಿಯನ್ನು ದಪ್ಪ ಲೋಹದ ಪಟ್ಟಿಗೆ ಜೋಡಿಸಿರುತ್ತಾರೆ. ಪ್ರಯೋಗಶಾಲೆಯ ಶ್ರುತಿಕವೆಯ ಎರಡು ಬಾಹುಗಳಲ್ಲಿ ಒಂದನ್ನು ತೆಳ್ಳಗೆ, ಇನ್ನೊಂದನ್ನು ದಪ್ಪಗೆ ಮಾಡಿದಂತೆ ಇದರ ರಚನೆ. ಸುತ್ತಿಗೆ ಕಡ್ಡಿಯನ್ನು ಹೊಡೆದಾಗ ಕಡ್ಡಿ ಕಂಪಿಸುತ್ತದೆ. ಪಟ್ಟಿ ಅದರೊಡನೆ ಅನುರಣಿಸಿ ನಾದವನ್ನು ಹೆಚ್ಚು ಹೊತ್ತು ಉಳಿಸುತ್ತದೆ. ಕಡ್ಡಿಯ ತುದಿಯ ಎದುರಿಗೆ ತಂತಿ ಸುತ್ತಿದ ಅಯಸ್ಕಾಂತವಿದೆ. ಇದಕ್ಕೆ ಪಿಕಪ್ ಎಂದು ಹೆಸರು. ಉಕ್ಕಿನ ತುದಿ ಅಯಸ್ಕಾಂತದ ಮುಂದೆ ಆಡಿದಾಗ ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ ಪ್ರೇರಿತವಾಗುತ್ತದೆ. 1831ರಲ್ಲಿ ಮೈಕಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆ ಎಂಬುದು ಇದೇ.

ಶ್ರುತಿ ಮಾಡಲು ಪ್ರತಿ ಕಡ್ಡಿಯ ಮೇಲೂ ಸಣ್ಣ ಸ್ಪ್ರಿಂಗ್ ಇದೆ. ಅದನ್ನು ತುದಿಯ ಕಡೆಗೆ ಸರಿಸಿದರೆ ಸ್ವರ ಇಳಿಯುತ್ತದೆ, ಬುಡದ ಕಡೆಗೆ ಸರಿಸಿದರೆ ಏರುತ್ತದೆ.

ವುರ್ಲಿಟ್ಜರಿನಲ್ಲಿ ಕಡ್ಡಿಯ ಬದಲು ಉಕ್ಕಿನ ರೀಡ್ ಇದೆ. ಹಾರ್ಮೋನಿಯಂ ಬಲ್ಲವರಿಗೆ ಇದು ಪರಿಚಿತವೆನಿಸುತ್ತದೆ. ಹಾರ್ಮೋನಿಯಂನ ಹಿತ್ತಾಳೆಯ ರೀಡು ತಿದಿಯ ಗಾಳಿಯಿಂದ ಕಂಪಿಸಿದರೆ, ಇಲ್ಲಿನ ರೀಡು ಸುತ್ತಿಗೆಯ ಪೆಟ್ಟಿನಿಂದ ಕಂಪಿಸುತ್ತದೆ. ಶ್ರುತಿ ಮಾಡುವ ಕ್ರಮದಲ್ಲಿಯೂ ಹೋಲಿಕೆಯಿದೆ. ಹಾರ್ಮೋನಿಯಂನ ರೀಡಿನ ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ವುರ್ಲಿಟ್ಜರ್ ರೀಡಿನ ತುದಿಯಲ್ಲಿ ಬೆಸುಗೆಯ ಸೀಸದ ಹನಿಯೊಂದಿರುತ್ತದೆ; ಅದನ್ನು ಅರದಿಂದ ಉಜ್ಜಿ ಕಡಿಮೆ ಮಾಡಿದರೆ ಸ್ವರ ಏರುತ್ತದೆ, ಬೆಸುಗೆ ಸೇರಿಸಿದರೆ ಇಳಿಯುತ್ತದೆ.

ಇದರ ಪಿಕಪ್ ಅಯಸ್ಕಾಂತವಲ್ಲ, ಸೀಳುಗಳಿರುವ ಲೋಹದ ಫಲಕ. ಫಲಕ ಮತ್ತು ರೀಡು ಸೇರಿ ಒಂದು ಧಾರಕ, ಅಂದರೆ ಕೆಪಾಸಿಟರ್ ಆಗುತ್ತವೆ. ಇವುಗಳ ನಡುವೆ ಸುಮಾರು 150 ವೋಲ್ಟ್ ನೇರ ವಿದ್ಯುತ್ ಒತ್ತಡವನ್ನು ನಿಲ್ಲಿಸಿರುತ್ತಾರೆ. ರೀಡು ಆಡಿದಂತೆಲ್ಲ ಧಾರಕತೆ ಹೆಚ್ಚುಕಡಿಮೆಯಾಗಿ ಅದೇ ಲಯದಲ್ಲಿ ಸಂಕೇತ ಹುಟ್ಟುತ್ತದೆ. ರೀಡು ಮತ್ತು ಫಲಕದ ನಡುವೆ ಒಂದು ಕಣ ಧೂಳೋ ಸೀಸದ ಚೂರೋ ಸಿಕ್ಕಿಕೊಂಡರೂ ಸಾಕು, ಪಿಯಾನೊ ಚಟಚಟನೆ ಸದ್ದುಮಾಡುತ್ತದೆ.

ಮುಪ್ಪಾಗುವುದು ಯಾವ ಭಾಗ?

ಉಕ್ಕಿನ ಕಡ್ಡಿ, ರೀಡು, ಅಯಸ್ಕಾಂತಗಳಿಗೆ ಆಯುಸ್ಸು ದೀರ್ಘ. ತೇವ ತಗುಲದಿದ್ದರೆ, ಅತಿಯಾಗಿ ಹೊಡೆಯದಿದ್ದರೆ ಅವು ದಶಕಗಳ ಕಾಲ ಬಾಳುತ್ತವೆ. ಮುಪ್ಪು ಮೊದಲು ಬರುವುದು ಸರ್ಕ್ಯೂಟಿಗೆ.

ಅದರಲ್ಲಿಯೂ ಮುಖ್ಯವಾಗಿ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿಗೆ. ಡಬ್ಬಿಯಾಕಾರದ ಈ ಬಿಡಿಭಾಗದ ಒಳಗೆ ದ್ರವವೊಂದಿರುತ್ತದೆ. ವರ್ಷಗಳು ಕಳೆದಂತೆ ದ್ರವ ಆರಿಹೋಗುತ್ತದೆ, ಇಲ್ಲವೇ ಸೋರಿ ಬೋರ್ಡನ್ನು ತಿನ್ನುತ್ತದೆ. ಉಷ್ಣತೆ ಇದರ ದೊಡ್ಡ ಶತ್ರು. ಹತ್ತು ಡಿಗ್ರಿ ಸೆಲ್ಸಿಯಸ್ ಹೆಚ್ಚಿದರೆ ಕೆಪಾಸಿಟರಿನ ಆಯುಸ್ಸು ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಭಾಗದಲ್ಲಿ, ತಗಡಿನ ಮಾಡಿನ ಕೋಣೆಯಲ್ಲಿ ಇಟ್ಟ ಯಾವುದೇ ವಿದ್ಯುತ್ ವಾದ್ಯಕ್ಕೂ ಈ ಲೆಕ್ಕ ಅನ್ವಯಿಸುತ್ತದೆ.

ಕೆಪಾಸಿಟರ್ ಒಣಗಿದಾಗ ಏನಾಗುತ್ತದೆ? ಗೋಡೆಯ ಪ್ಲಗ್ಗಿನಿಂದ ಬರುವುದು ಸೆಕೆಂಡಿಗೆ 50 ಬಾರಿ ಏರಿಳಿಯುವ ಪರ್ಯಾಯ ವಿದ್ಯುತ್. ಅದನ್ನು ನೇರ ವಿದ್ಯುತ್ತಾಗಿ ಮಾಡಿದ ಮೇಲೂ ಸೆಕೆಂಡಿಗೆ 100ರಂತೆ ಅಲೆಗಳು ಉಳಿಯುತ್ತವೆ. ಆ ಅಲೆಗಳನ್ನು ಸಮತಟ್ಟು ಮಾಡುವುದೇ ಕೆಪಾಸಿಟರಿನ ಕೆಲಸ. ಅದು ದುರ್ಬಲವಾದಾಗ ಅಲೆಗಳು ಸ್ಪೀಕರಿಗೆ ನುಗ್ಗಿ ‘ಗುಂಯ್’ ಎಂಬ ನಿಲ್ಲದ ಸದ್ದು ಕೇಳಿಸುತ್ತದೆ. ಹಳೆಯ ರೇಡಿಯೊ, ಆಂಪ್ಲಿಫೈಯರುಗಳಲ್ಲಿ ನಮಗೆಲ್ಲ ಪರಿಚಿತವಾದ ಸದ್ದು ಇದು.

ಇದಲ್ಲದೆ ಬೆಸುಗೆಗಳು ಬಿರುಕು ಬಿಡುತ್ತವೆ. ಹಳೆಯ ರೆಸಿಸ್ಟರುಗಳ ಮೌಲ್ಯ ಬದಲಾಗಿ ಸುಯ್ ಎಂಬ ಸದ್ದು ಹೆಚ್ಚುತ್ತದೆ. ಧ್ವನಿ ಏರಿಸುವ ಗುಬ್ಬಿಯೊಳಗೆ ಧೂಳು ಸೇರಿ ತಿರುಗಿಸಿದಾಗ ಕರಕರ ಎನ್ನುತ್ತದೆ. ಅಂದಿನ ಎಷ್ಟೋ ಟ್ರಾನ್ಸಿಸ್ಟರುಗಳು ಇಂದು ತಯಾರಾಗುತ್ತಿಲ್ಲ.

ಹೊಸ ಸರ್ಕ್ಯೂಟ್ ಏನು ಮಾಡುತ್ತದೆ?

ದುರಸ್ತಿಗಾರರ ಮುಂದೆ ಇಲ್ಲಿ ಎರಡು ಆಯ್ಕೆಗಳಿವೆ. ಹಳೆಯ ಬೋರ್ಡನ್ನು ಇಟ್ಟುಕೊಂಡು ಕೆಟ್ಟ ಬಿಡಿಭಾಗಗಳನ್ನು ಒಂದೊಂದಾಗಿ ಬದಲಿಸುವುದು ಮೊದಲನೆಯದು. ಬೋರ್ಡನ್ನೇ ತೆಗೆದು, ಅದೇ ಅಳತೆಯ, ಅದೇ ತೂತುಗಳಿಗೆ ಕೂರುವ ಹೊಸ ಬೋರ್ಡನ್ನು ಜೋಡಿಸುವುದು ಎರಡನೆಯದು. ರೋಡ್ಸ್, ವುರ್ಲಿಟ್ಜರ್ ಎರಡಕ್ಕೂ ಇಂತಹ ಸಿದ್ಧ ಬೋರ್ಡುಗಳನ್ನು ಹಲವು ಸಣ್ಣ ಸಂಸ್ಥೆಗಳು ತಯಾರಿಸುತ್ತಿವೆ.

ಹೊಸ ಬೋರ್ಡಿನಿಂದ ದೊರೆಯುವ ಲಾಭಗಳು ಸ್ಪಷ್ಟ. ಇಂದಿನ ಬಿಡಿಭಾಗಗಳ ಸ್ವಂತ ಸದ್ದು ಬಹಳ ಕಡಿಮೆಯಾದ್ದರಿಂದ ಮೆಲ್ಲಗೆ ನುಡಿಸಿದ ಸ್ವರವೂ ಸ್ಪಷ್ಟವಾಗಿ ಕೇಳುತ್ತದೆ. ವಿದ್ಯುತ್ ಪೂರೈಕೆ ಸ್ಥಿರವಾಗಿರುತ್ತದೆ. ಧ್ವನಿವರ್ಧಕಕ್ಕೆ ನೇರವಾಗಿ ಜೋಡಿಸುವ ವ್ಯವಸ್ಥೆ ಸೇರಿಸಬಹುದು. ಅಮೆರಿಕದಲ್ಲಿ ಮಾರಾಟವಾದ ವಾದ್ಯ ಸುಮಾರು 120 ವೋಲ್ಟಿಗೆ ಮಾಡಿದ್ದು; ಅದನ್ನು ನಮ್ಮ 230 ವೋಲ್ಟಿಗೆ ನೇರವಾಗಿ ಜೋಡಿಸಿದರೆ ಸುಟ್ಟುಹೋಗುತ್ತದೆ. ತಕ್ಕ ಟ್ರಾನ್ಸ್‌ಫಾರ್ಮರ್ ಹಾಗೂ ಅರ್ಥಿಂಗ್ ಇರುವ ಮೂರು ಪಿನ್ನಿನ ತಂತಿಯನ್ನು ಈ ಹಂತದಲ್ಲಿಯೇ ಹಾಕುತ್ತಾರೆ.

ಮೂರನೆಯ ಆಯ್ಕೆಯೂ ಒಂದಿದೆ: ಒಳಗಿನ ರೀಡು, ಸುತ್ತಿಗೆಗಳನ್ನೆಲ್ಲ ತೆಗೆದು, ಹಳೆಯ ಪೆಟ್ಟಿಗೆಯಲ್ಲಿ ಹೊಸ ಡಿಜಿಟಲ್ ಕೀಬೋರ್ಡನ್ನು ಕೂರಿಸುವುದು. ಇದನ್ನು ದುರಸ್ತಿ ಎನ್ನಲಾಗದು. ಇಲ್ಲಿ ಉಳಿಯುವುದು ಪೆಟ್ಟಿಗೆ ಮಾತ್ರ, ನಾದ ಹೋಗಿರುತ್ತದೆ.

ಮೂಲದ ಧ್ವನಿ ಕೆಡುವುದಿಲ್ಲವೇ?

ಇದು ನ್ಯಾಯವಾದ ಪ್ರಶ್ನೆ. ಹಳೆಯ ಆಂಪ್ಲಿಫೈಯರ್ ಜೋರಾಗಿ ನುಡಿಸಿದಾಗ ಸ್ವರವನ್ನು ಸ್ವಲ್ಪ ಒರಟಾಗಿಸುತ್ತಿತ್ತು. ವುರ್ಲಿಟ್ಜರಿನ ಪುಟ್ಟ ಸ್ಪೀಕರುಗಳಿಗೂ ತಮ್ಮದೇ ಬಣ್ಣವಿತ್ತು. ಕೆಲವು ರೋಡ್ಸ್ ಮಾದರಿಗಳಲ್ಲಿ ಧ್ವನಿಯನ್ನು ತೂಗಿಸಲು ಪುಟ್ಟ ಬಲ್ಬು ಹಾಗೂ ಬೆಳಕಿಗೆ ಸ್ಪಂದಿಸುವ ರೆಸಿಸ್ಟರನ್ನು ಬಳಸುತ್ತಿದ್ದರು. ಬಲ್ಬು ಮೆಲ್ಲಗೆ ಹತ್ತಿ ಮೆಲ್ಲಗೆ ಆರುವುದರಿಂದ ಆ ತೂಗಾಟಕ್ಕೆ ವಿಶಿಷ್ಟ ಮೃದುತ್ವ ಬರುತ್ತಿತ್ತು. ಇವನ್ನೆಲ್ಲ ವಾದ್ಯದ ವ್ಯಕ್ತಿತ್ವದ ಭಾಗವೆಂದೇ ಕೇಳುಗರು ಬಗೆಯುತ್ತಾರೆ.

ಹೀಗಾಗಿ ಬಲ್ಲ ದುರಸ್ತಿಗಾರರು ಮೂರು ನಿಯಮಗಳನ್ನು ಪಾಲಿಸುತ್ತಾರೆ. ಬದಲಿಸುವ ಮೊದಲು ಮೂಲದ ಧ್ವನಿಯನ್ನು ಕೇಳಿ, ದಾಖಲಿಸಿಕೊಳ್ಳುತ್ತಾರೆ. ಹೊಸ ಬೋರ್ಡಿಗಾಗಿ ವಾದ್ಯದಲ್ಲಿ ಹೊಸ ತೂತು ಕೊರೆಯುವುದಿಲ್ಲ, ಮರವನ್ನು ಕತ್ತರಿಸುವುದಿಲ್ಲ. ತೆಗೆದ ಹಳೆಯ ಬೋರ್ಡನ್ನು ಚೀಟಿ ಅಂಟಿಸಿ ಒಡೆಯನಿಗೇ ಒಪ್ಪಿಸುತ್ತಾರೆ. ಮುಂದೊಂದು ದಿನ ಯಾರಾದರೂ ಮೊದಲಿನಂತೆಯೇ ಮಾಡಬೇಕೆಂದರೆ ಮಾಡಲು ಸಾಧ್ಯವಿರಬೇಕು. ಹಿಂತಿರುಗಿಸಲಾಗದ ಬದಲಾವಣೆ ಮಾಡಬಾರದೆಂಬ ಈ ನಿಯಮ ಹಳೆಯ ಕಟ್ಟಡಕ್ಕೂ ಹಸ್ತಪ್ರತಿಗೂ ಅನ್ವಯಿಸುವಂಥದ್ದು.

ಕೆಲಸದ ಕ್ರಮ ಮತ್ತು ಎಚ್ಚರ

ಬಹುಕಾಲ ಮುಚ್ಚಿಟ್ಟ ವಾದ್ಯವನ್ನು ‘ನೋಡೋಣ, ಆನ್ ಆಗುತ್ತದೆಯೇ’ ಎಂದು ನೇರವಾಗಿ ಪ್ಲಗ್ಗಿಗೆ ಹಾಕುವುದು ಸಲ್ಲದು. ಒಣಗಿದ ಕೆಪಾಸಿಟರ್ ಒಡೆಯಬಹುದು, ಟ್ರಾನ್ಸ್‌ಫಾರ್ಮರ್ ಸುಡಬಹುದು. ಮೊದಲು ಮುಚ್ಚಳ ತೆಗೆದು ಕಣ್ಣಿನಿಂದ ಪರೀಕ್ಷೆ. ಬಳಿಕ ಧೂಳು, ಇಲಿಯ ಗೂಡು, ತುಕ್ಕುಗಳ ನಿವಾರಣೆ. ಆಮೇಲೆ ಮೀಟರಿನಿಂದ ಅಳತೆ. ಮೊದಲ ಬಾರಿ ವಿದ್ಯುತ್ ಕೊಡುವಾಗ ನಮ್ಮ ಎಲೆಕ್ಟ್ರಿಷಿಯನ್ನರಿಗೆ ಚೆನ್ನಾಗಿ ಗೊತ್ತಿರುವ ಸೀರೀಸ್ ಬಲ್ಬಿನ ಉಪಾಯವೇ ಉತ್ತಮ. ತಂತಿಯುರಿಯ ಹಳೆಯ ಬಲ್ಬನ್ನು ವಾದ್ಯದೊಡನೆ ಸರಣಿಯಲ್ಲಿ ಜೋಡಿಸಿದರೆ, ಒಳಗೆ ಶಾರ್ಟ್ ಇದ್ದಾಗ ಬಲ್ಬು ಪೂರ್ತಿ ಬೆಳಗಿ ವಾದ್ಯವನ್ನು ಕಾಪಾಡುತ್ತದೆ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು. ಶ್ರುತಿ ಮಾಡುವುದು ಕಟ್ಟಕಡೆಯ ಕೆಲಸ.

ಮಕ್ಕಳಿಗೂ ಪೋಷಕರಿಗೂ ಒಂದು ಮಾತನ್ನು ಒತ್ತಿ ಹೇಳುತ್ತೇವೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು. ಗೋಡೆಯ ಪ್ಲಗ್ಗಿಗೆ ಜೋಡಿಸುವ ಯಾವ ಯಂತ್ರವನ್ನೂ ಬಲ್ಲವರು ಜೊತೆಗಿಲ್ಲದೆ ಬಿಚ್ಚಬಾರದು. ಬ್ಯಾಟರಿಯಿಂದ ನಡೆಯುವ ಆಟಿಕೆ, ಕೆಟ್ಟ ರೇಡಿಯೊಗಳಿಂದ ಕಲಿಕೆ ಆರಂಭಿಸಿದರೆ ಸಾಕು.

ನಮ್ಮ ಮನೆ, ಶಾಲೆಗಳ ವಾದ್ಯಗಳಿಗೆ ಇದರ ಅನ್ವಯ

ಹಾರ್ಮೋನಿಯಂನಲ್ಲಿ ನಾದವಿರುವುದು ರೀಡಿನಲ್ಲಿ. ಸ್ವರ ಕ್ಷೀಣಿಸಿದೆಯೆಂದರೆ ತಪ್ಪು ರೀಡಿನದೇ ಆಗಬೇಕಿಲ್ಲ. ತಿದಿ ಹರಿದು ಗಾಳಿ ಸೋರುತ್ತಿರಬಹುದು, ರೀಡಿನ ಮೇಲೆ ಧೂಳು ಕೂತಿರಬಹುದು. ತಾಂಡೂರಿನ ಸುತ್ತಲಿನ ಕಲ್ಲಿನ ಗಣಿ, ಪಾಲಿಶ್ ಘಟಕಗಳ ನುಣುಪು ಧೂಳು ಎಲ್ಲಿಗೂ ನುಗ್ಗುತ್ತದೆ. ರೀಡುಗಳ ಸಾಲನ್ನೇ ಬದಲಿಸೋಣ ಎಂದು ಯಾರಾದರೂ ಹೇಳಿದರೆ, ಮೊದಲು ಶುಚಿಗೊಳಿಸಿ ನೋಡಲು ಕೇಳಬೇಕು.

ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಕನ್ನಡನಾಡಿನ ಹೆಮ್ಮೆಯ ಕೊಡುಗೆಗಳಲ್ಲಿ ಒಂದು. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್‌ನಲ್ಲಿ ಎಂಜಿನಿಯರ್ ಆಗಿದ್ದ, ಸ್ವತಃ ಕೊಳಲುವಾದಕರಾದ ಜಿ. ರಾಜ್ ನಾರಾಯಣ್ ಅವರು 1970ರ ದಶಕದಲ್ಲಿ ಇಂತಹ ಉಪಕರಣಗಳನ್ನು ರೂಪಿಸಿ ರಾಡೆಲ್ ಸಂಸ್ಥೆಯನ್ನು ಕಟ್ಟಿದರು. ಶ್ರುತಿಪೆಟ್ಟಿಗೆಯಲ್ಲಿ ಸ್ವರ ಹುಟ್ಟುವುದು ಸರ್ಕ್ಯೂಟಿನಲ್ಲಿಯೇ. ಆದ್ದರಿಂದ ಇಲ್ಲಿ ಮುಖ್ಯ ಬೋರ್ಡನ್ನು ಉಳಿಸಿಕೊಂಡು ಅಡಾಪ್ಟರ್, ಗುಬ್ಬಿ, ಸ್ಪೀಕರ್, ಬ್ಯಾಟರಿಯ ಸಂಪರ್ಕಪಟ್ಟಿಗಳನ್ನು ಮೊದಲು ಪರೀಕ್ಷಿಸಬೇಕು. ಬಳಸದಿರುವಾಗ ಬ್ಯಾಟರಿಯನ್ನು ತೆಗೆದಿಟ್ಟರೆ ಅದು ಸೋರಿ ಒಳಭಾಗವನ್ನು ತಿನ್ನುವುದು ತಪ್ಪುತ್ತದೆ.

ಕೀಬೋರ್ಡಿನ ಕೆಲವು ಕೀಲಿಗಳು ಮಾತ್ರ ನುಡಿಯುತ್ತಿಲ್ಲವೆಂದರೆ ಚಿಪ್ಪು ಹೋಗಿದೆಯೆಂದು ಅಂಜಬೇಕಿಲ್ಲ. ಕೀಲಿಗಳ ಕೆಳಗಿನ ರಬ್ಬರಿನ ಪಟ್ಟಿಯಲ್ಲಿರುವ ಕಪ್ಪು ಬೊಟ್ಟುಗಳಿಗೆ ಧೂಳು ಅಂಟಿರುವ ಸಾಧ್ಯತೆಯೇ ಹೆಚ್ಚು. ಶಾಲೆಯ ಆಂಪ್ಲಿಫೈಯರ್ ‘ಗುಂಯ್’ ಎನ್ನುತ್ತಿದ್ದರೆ ಕೆಪಾಸಿಟರ್ ಹಾಗೂ ಅರ್ಥಿಂಗ್ ಎರಡನ್ನೂ ನೋಡಿಸಬೇಕು.

ದುರಸ್ತಿಗೆ ಕೊಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು ನಾಲ್ಕು: ಕೆಟ್ಟಿರುವುದು ಯಾವ ಭಾಗ? ಅದನ್ನಷ್ಟೇ ಬದಲಿಸಲು ಸಾಧ್ಯವೇ? ಬದಲಿಸಿದರೆ ಧ್ವನಿ ಬದಲಾಗುತ್ತದೆಯೇ? ತೆಗೆದ ಹಳೆಯ ಭಾಗವನ್ನು ಮರಳಿ ಕೊಡುವಿರಾ? ಈ ನಾಲ್ಕಕ್ಕೆ ತೃಪ್ತಿಕರ ಉತ್ತರ ಕೊಡುವವರ ಕೈಗೆ ವಾದ್ಯವನ್ನು ಒಪ್ಪಿಸಬಹುದು.

ಕನ್ನಡ ಮಾಧ್ಯಮದ ಮಕ್ಕಳಿಗೆ

ಕಂಪನ, ಆವೃತ್ತಿ, ಅನುರಣನ, ವಿದ್ಯುತ್ಕಾಂತೀಯ ಪ್ರೇರಣೆ, ಧಾರಕ: ಈ ಲೇಖನದಲ್ಲಿ ಬಂದ ಮಾತುಗಳಲ್ಲಿ ಮಕ್ಕಳಿಗೆ ಪಠ್ಯಪುಸ್ತಕದಿಂದ ಪರಿಚಿತವಾದವು ಹಲವಿವೆ. ಕನ್ನಡದಲ್ಲಿ ಓದಿದರೆ ತಂತ್ರಜ್ಞಾನ ದೂರವಾಗುತ್ತದೆ ಎಂಬ ಅಳುಕು ನಮ್ಮ ಗಡಿ ಭಾಗದ ಪೋಷಕರಲ್ಲಿದೆ. ಹತ್ತನೆಯ ತರಗತಿಯ ಬಳಿಕ ಐಟಿಐಯ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ತರಬೇತಿಗೋ ಪಾಲಿಟೆಕ್ನಿಕ್‌ಗೋ ಹೋಗುವ ಮಕ್ಕಳು ಅಲ್ಲಿ ಹೊಸ ಭಾಷೆಯ ಹೆಸರುಗಳನ್ನು ಕಲಿಯಬೇಕಾಗುತ್ತದೆ ಎಂಬುದು ನಿಜ. ಆದರೆ ಧಾರಕ ಏನು ಮಾಡುತ್ತದೆಂದು ಬಲ್ಲ ಹುಡುಗಿಗೆ ‘ಕೆಪಾಸಿಟರ್’ ಎಂಬುದು ಕಲಿಯಬೇಕಾದ ಒಂದು ಪದ ಮಾತ್ರ. ತತ್ತ್ವವನ್ನೇ ಅರಿಯದೆ ಪದವನ್ನು ಬಾಯಿಪಾಠ ಮಾಡಿದವನು ಎರಡನ್ನೂ ಮುಂದೆ ಕಲಿಯಬೇಕು.

ವರ್ಷದ ಕೊನೆಗೆ ಶಾಲೆಗಳಲ್ಲಿ ನಿರುಪಯುಕ್ತ ಸಾಮಗ್ರಿಗಳ ಪಟ್ಟಿ ಸಿದ್ಧವಾಗುತ್ತದೆ. ಹಾರ್ಮೋನಿಯಂ, ಶ್ರುತಿಪೆಟ್ಟಿಗೆ, ಆಂಪ್ಲಿಫೈಯರುಗಳ ಹೆಸರನ್ನು ಆ ಪಟ್ಟಿಗೆ ಸೇರಿಸುವ ಮೊದಲು, ವಿಜ್ಞಾನ ಶಿಕ್ಷಕರೂ ಊರಿನ ಎಲೆಕ್ಟ್ರಿಷಿಯನ್ನರೂ ಒಮ್ಮೆ ಮುಚ್ಚಳ ತೆರೆದು ನೋಡಲಿ. ಮಕ್ಕಳು ದೂರದಲ್ಲಿ ನಿಂತು ನೋಡಲಿ. ಹತ್ತಾರು ರೂಪಾಯಿಯ ಕೆಪಾಸಿಟರ್ ಒಣಗಿದ್ದಕ್ಕೆ ಇಡೀ ವಾದ್ಯವನ್ನು ತೂಕಕ್ಕೆ ಮಾರುವ ಪ್ರಸಂಗ ಬಾರದಿರಲಿ ಎಂಬುದು ನಮ್ಮ ಕೋರಿಕೆ.